ಉಬ್ಬಸದ ಪಂಪು, ಅರೆತಲೆನೋವಿನ ಮಾತ್ರೆ

ಕಳೆದ ಮಾಗಿಯಲ್ಲಿ ನಮ್ಮ ಬ್ಯಾಚಿನ ಗೆಳತಿಯೊಬ್ಬಳ ತಾಯಿಗೆ ನಡುರಾತ್ರಿ ಉಬ್ಬಸ ಎದ್ದಿತು. ಅದೇನೂ ಹೊಸತಲ್ಲ. ಎಂಟು ವರ್ಷದಿಂದ ಅವರ ತಲೆದಿಂಬಿನ ಪಕ್ಕದಲ್ಲಿ ನೀಲಿ ಬಣ್ಣದ ಇನ್‌ಹೇಲರ್ ಇರುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಪಂಪು ಅಂತಲೇ ಕರೆಯುವುದು. ಎರಡು ಸಲ ಒತ್ತಿ ಎಳೆದುಕೊಂಡರೆ ಐದು ನಿಮಿಷದಲ್ಲಿ ಉಸಿರು ಹದಕ್ಕೆ ಬರುತ್ತಿತ್ತು. ಆ ರಾತ್ರಿ ಬರಲಿಲ್ಲ. ಮತ್ತೆ ಎರಡು ಸಲ ಒತ್ತಿದರು. ಆಗಲೂ ಇಲ್ಲ.

'ಪಂಪ್ ಹೊಡ್ಕಂಡ್ರೂ ಉಸ್ರು ಆಡ್ತಿಲ್ಲ ಕಣೇ' ಅಂದರಂತೆ ಮಗಳಿಗೆ. ಪಂಪು ಖಾಲಿಯಾಗಿರಬೇಕು ಅಂದುಕೊಂಡು ಹೊಸದನ್ನೇ ಒಡೆದಳು. ಅದೂ ಕೆಲಸ ಮಾಡಲಿಲ್ಲ. ಪಕ್ಕದ ಮನೆಯವರ ಓಮ್ನಿಯಲ್ಲಿ ತಾಲ್ಲೂಕು ಕೇಂದ್ರ ತಲುಪುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. ರಾತ್ರಿ ಪಾಳಿಯ ಡಾಕ್ಟರು ಆಕ್ಸಿಜನ್ ಹಾಕುತ್ತಲೇ ಒಂದು ಪ್ರಶ್ನೆ ಕೇಳಿದರು: 'ಇತ್ತೀಚೆಗೆ ಬೇರೆ ಯಾವ ಮಾತ್ರೆ ಶುರು ಮಾಡಿದ್ದೀರಿ?'

ಶುರು ಮಾಡಿದ್ದರು. ಹರೆಯದಿಂದಲೂ ಅವರಿಗೆ ಅರೆತಲೆನೋವು. ತಿಂಗಳಿಗೆ ಐದಾರು ಸಲ ಬಂದು, ಕತ್ತಲೆ ಕೋಣೆಯಲ್ಲಿ ಮಲಗಿಸಿಬಿಡುತ್ತಿತ್ತು. ನಾಲ್ಕು ದಿನದ ಹಿಂದೆ ನಗರಕ್ಕೆ ಹೋಗಿ ಬೇರೊಬ್ಬ ಡಾಕ್ಟರಿಗೆ ತೋರಿಸಿದ್ದರು. ನೋವು ಬಾರದ ಹಾಗೆ ತಡೆಯಲು ದಿನಾ ನುಂಗುವ ಒಂದು ಮಾತ್ರೆ ಬರೆದುಕೊಟ್ಟಿದ್ದರು. ತೋರಿಸಲು ಹೋದದ್ದು ತಲೆನೋವಿಗೆ, ಹಾಗಾಗಿ ಉಬ್ಬಸದ ಮಾತು ಬರಲಿಲ್ಲ. ಅಲ್ಲಿ ಯಾರೂ ಕೇಳಲೂ ಇಲ್ಲ. ಸೆರಗಿನ ಗಂಟಿನಲ್ಲಿದ್ದ ಆ ಸ್ಟ್ರಿಪ್ಪನ್ನು ಗೆಳತಿ ಬಿಚ್ಚಿ ತೋರಿಸಿದಾಗ ಡಾಕ್ಟರು ಅದರ ಹಿಂಬದಿಯ ಸಣ್ಣ ಅಕ್ಷರ ಓದಿ, 'ಇದನ್ನ ನಿಮಗೆ ಕೊಡಬಾರದಿತ್ತು' ಅಂದರು. ಸ್ಟ್ರಿಪ್ಪಿನ ಮೇಲಿದ್ದ ಹೆಸರು ಪ್ರೊಪ್ರನಲಾಲ್.

ತಾಯಿ ಉಳಿದರು. ಒಂದು ವಾರದ ನಂತರ ಗೆಳತಿ ನಮ್ಮ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸಿದಳು. 'ತಲೆನೋವಿನ ಮಾತ್ರೆಗೂ ಉಸಿರಿಗೂ ಏನು ಸಂಬಂಧ? ಪಂಪು ಯಾಕೆ ಕೆಲಸ ಮಾಡಲಿಲ್ಲ? ಇದನ್ನ ಯಾರಾದರೂ ಕನ್ನಡದಲ್ಲಿ ಬರೀಬೇಕು' ಅಂದಳು. ನಾವು ವೈದ್ಯರಲ್ಲ. ಆದರೆ ಹಳೆಯ ದಾಖಲೆ ಹುಡುಕುವುದು, ಒಂದಕ್ಕೊಂದು ಕೊಂಡಿ ಹಾಕುವುದು ನಾವು ಓದಿದ ವಿದ್ಯೆ. ಹುಡುಕುತ್ತಾ ಹೋದಾಗ ಈ ಎರಡು ಔಷಧಿಗಳು ಒಂದೇ ಹೊಟ್ಟೆಯಲ್ಲಿ ಹುಟ್ಟಿದ ದಾಯಾದಿಗಳು ಅನ್ನುವುದು ಗೊತ್ತಾಯಿತು.

ಉಮ್ಮತ್ತಿಯ ಹೊಗೆಯಿಂದ ಶುರು

ಎರಡೂ ಕಾಯಿಲೆ ಹಳೆಯವು. ಆಯುರ್ವೇದದಲ್ಲಿ ಉಬ್ಬಸಕ್ಕೆ ತಮಕ ಶ್ವಾಸ ಎಂಬ ಹೆಸರಿದೆ, ಅರೆತಲೆನೋವಿಗೆ ಅರ್ಧಾವಭೇದಕ ಎಂಬ ಹೆಸರಿದೆ. ನಮ್ಮ ಕಡೆ ಬೇಲಿಸಾಲಿನಲ್ಲಿ ಬೆಳೆಯುವ ಉಮ್ಮತ್ತಿಯನ್ನು ಒಣಗಿಸಿ, ಸುಟ್ಟು, ಆ ಹೊಗೆಯನ್ನು ಉಬ್ಬಸಕ್ಕೆ ಎಳೆದುಕೊಳ್ಳುವ ಪದ್ಧತಿ ದಕ್ಷಿಣ ಭಾರತದಲ್ಲಿತ್ತು. ಮದ್ರಾಸಿನಲ್ಲಿದ್ದ ಜೇಮ್ಸ್ ಆಂಡರ್ಸನ್ ಎಂಬ ಕಂಪನಿ ವೈದ್ಯ ಇದನ್ನು ಕಂಡುಕೊಂಡು ಬಳಸಿದ. ಆತನಿಂದ ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಕೊಂಡೊಯ್ದ. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಔಷಧಿ ಅಂಗಡಿಗಳಲ್ಲಿ 'ಅಸ್ತಮಾ ಸಿಗರೇಟು' ಮಾರಾಟವಾದವು. ಒಳಗೆ ಇದ್ದದ್ದು ಉಮ್ಮತ್ತಿ ಜಾತಿಯ ಗಿಡದ ಎಲೆ.

ಇದನ್ನು ಓದಿ ಯಾರೂ ಹಿತ್ತಲಿಗೆ ಹೋಗಬೇಡಿ. ಉಮ್ಮತ್ತಿ ವಿಷ. ಮದ್ದಿನ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಹೆಚ್ಚು ಅಂತರವಿಲ್ಲ. ಆದರೆ ಈ ಗಿಡದ ಕತೆ ಇಲ್ಲಿಗೆ ಮುಗಿಯುವುದಿಲ್ಲ, ಕೊನೆಯಲ್ಲಿ ಮತ್ತೆ ಬರುತ್ತದೆ.

20ನೇ ಶತಮಾನದ ಆರಂಭದಲ್ಲಿ ದಾರಿ ಬದಲಾಯಿತು. ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಸಣ್ಣ ಗ್ರಂಥಿಯ ರಸದಿಂದ ಜಪಾನಿ ರಸಾಯನ ವಿಜ್ಞಾನಿ ಜೋಕಿಚಿ ತಕಮಿನೆ ಶುದ್ಧ ಅಡ್ರಿನಲಿನ್ ತೆಗೆದ. ಹೆದರಿದಾಗ, ಸಿಟ್ಟು ಬಂದಾಗ ನಮ್ಮ ಮೈಯಲ್ಲಿ ತಾನಾಗಿ ಹರಿಯುವ ರಸ ಅದು. 1903ರಲ್ಲಿ ಅಮೆರಿಕದ ವೈದ್ಯರು ಅದನ್ನು ಉಬ್ಬಸದ ರೋಗಿಗಳಿಗೆ ಚುಚ್ಚಿ ನೋಡಿದರು. ಬಿಗಿದುಕೊಂಡಿದ್ದ ಶ್ವಾಸನಾಳ ಸಡಿಲವಾಯಿತು. ಆದರೆ ಜೊತೆಗೆ ಎದೆ ಡವಡವ ಹೊಡೆದುಕೊಂಡಿತು, ಕೈ ನಡುಗಿತು, ರಕ್ತದ ಒತ್ತಡ ಏರಿತು. 1940ರ ದಶಕದಲ್ಲಿ ಅಡ್ರಿನಲಿನ್ನಿನ ರಚನೆಯನ್ನು ಸ್ವಲ್ಪ ಬದಲಾಯಿಸಿ ಐಸೊಪ್ರಿನಲಿನ್ ಎಂಬ ಔಷಧಿ ಬಂತು. ಉಸಿರಾಟಕ್ಕೆ ಇನ್ನೂ ಚೆನ್ನಾಗಿ ಕೆಲಸ ಮಾಡಿತು, ಆದರೆ ಹೃದಯವನ್ನು ಓಡಿಸುವುದು ತಪ್ಪಲಿಲ್ಲ.

ಪಂಪು ಬಂದದ್ದು 1956ರಲ್ಲಿ. ಅಮೆರಿಕದ ರೈಕರ್ ಎಂಬ ಔಷಧಿ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್. ಅವನ ಮಗಳಿಗೆ ಅಸ್ತಮಾ. ಆ ಕಾಲದಲ್ಲಿ ಗಾಜಿನ ಬುರುಡೆಗೆ ಔಷಧಿ ಸುರಿದು, ರಬ್ಬರಿನ ಉಂಡೆ ಹಿಸುಕಿ, ಎಳೆದುಕೊಳ್ಳಬೇಕಿತ್ತು. ಬುರುಡೆ ಒಡೆಯುತ್ತಿತ್ತು, ಪ್ರಮಾಣವೂ ಪ್ರತಿ ಸಲ ಒಂದೇ ಇರುತ್ತಿರಲಿಲ್ಲ. ತಲೆಗೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ ಡಬ್ಬಿಯ ಹಾಗೆ ಇದನ್ನೂ ಯಾಕೆ ಮಾಡಬಾರದು ಎಂದು ಆ ಹುಡುಗಿ ಅಪ್ಪನನ್ನು ಕೇಳಿದಳಂತೆ. ಒಂದೊಂದು ಸಲ ಒತ್ತಿದಾಗಲೂ ಅಳತೆಗೆ ಸರಿಯಾಗಿ ಔಷಧಿ ಬರುವ ಡಬ್ಬಿ ಸಿದ್ಧವಾಯಿತು. ಇಂದು ನಮ್ಮ ಹಳ್ಳಿಗಳಲ್ಲಿ ಜೇಬಿನಲ್ಲಿ, ಸೊಂಟದ ಚೀಲದಲ್ಲಿ ಓಡಾಡುವ ಪಂಪಿನ ಅಜ್ಜಿ ಅದು.

ಎರಡು ಬಗೆಯ ಬೀಗ

ಅಡ್ರಿನಲಿನ್ ಒಂದೇ ರಸ. ಆದರೆ ಅದು ಒಂದು ಕಡೆ ರಕ್ತನಾಳವನ್ನು ಬಿಗಿ ಮಾಡುತ್ತದೆ, ಇನ್ನೊಂದು ಕಡೆ ಶ್ವಾಸನಾಳವನ್ನು ಸಡಿಲ ಮಾಡುತ್ತದೆ, ಮತ್ತೊಂದು ಕಡೆ ಹೃದಯವನ್ನು ಓಡಿಸುತ್ತದೆ. ಯಾಕೆ?

ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಜಾರ್ಜಿಯಾ ರಾಜ್ಯದ ರೇಮಂಡ್ ಆಲ್ಕ್ವಿಸ್ಟ್. ಅವರು ಹುಡುಕುತ್ತಿದ್ದದ್ದು ಹೆಂಗಸರ ಮುಟ್ಟಿನ ನೋವಿಗೆ ಮದ್ದು. ಗರ್ಭಕೋಶದ ಸ್ನಾಯುವನ್ನು ಸಡಿಲಿಸುವ ವಸ್ತುವಿಗಾಗಿ ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾಗ ಅವುಗಳ ಬಲಾಬಲದಲ್ಲಿ ಒಂದು ಕ್ರಮ ಕಾಣಿಸಿತು. ಜೀವಕೋಶಗಳ ಮೇಲೆ ಎರಡು ಬಗೆಯ ಬೀಗಗಳಿರಬೇಕು ಎಂದು ಅವರು ಊಹಿಸಿದರು. ವಿಜ್ಞಾನದ ಮಾತಿನಲ್ಲಿ ಇವಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಒಂದಕ್ಕೆ ಆಲ್ಫಾ, ಇನ್ನೊಂದಕ್ಕೆ ಬೀಟಾ ಎಂದು ಹೆಸರಿಟ್ಟರು. ಕೀಲಿ ಒಂದೇ, ಆದರೆ ಬೀಗ ಬೇರೆಯಾದರೆ ತೆರೆಯುವ ಬಾಗಿಲೂ ಬೇರೆ. ಪ್ರಬಂಧವನ್ನು ಮೊದಲು ಕಳಿಸಿದ ಪತ್ರಿಕೆ ತಿರಸ್ಕರಿಸಿತು. 1948ರಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅಚ್ಚಾದ ಮೇಲೂ ಹತ್ತು ವರ್ಷ ಅದನ್ನು ಕೇಳಿದವರು ಕಡಿಮೆ.

1958ರಲ್ಲಿ ಲಿಲ್ಲಿ ಕಂಪನಿಯ ವಿಜ್ಞಾನಿಗಳು ಹೆಚ್ಚು ಹೊತ್ತು ಕೆಲಸ ಮಾಡುವ ಉಬ್ಬಸದ ಮದ್ದೊಂದನ್ನು ಹುಡುಕುತ್ತಿದ್ದರು. ಐಸೊಪ್ರಿನಲಿನ್ನಿನ ಎರಡು ಹೈಡ್ರಾಕ್ಸಿಲ್ ಗುಂಪುಗಳ ಜಾಗದಲ್ಲಿ ಎರಡು ಕ್ಲೋರಿನ್ ಪರಮಾಣು ಕೂರಿಸಿ ನೋಡಿದರು. ಅದು ಶ್ವಾಸನಾಳವನ್ನು ಸಡಿಲಿಸುವ ಬದಲು ಸಡಿಲಿಸುವ ಮದ್ದಿನ ಕೆಲಸಕ್ಕೇ ಅಡ್ಡ ನಿಂತಿತು. ಬೀಟಾ ಬೀಗದ ಕಿಂಡಿಗೆ ಮೇಣ ಮೆತ್ತಿದ ಹಾಗೆ ಅದು ಕೂತುಬಿಡುತ್ತಿತ್ತು, ನಿಜವಾದ ಕೀಲಿ ಬಂದರೆ ಒಳಗೆ ಹೋಗಲು ಜಾಗವಿರಲಿಲ್ಲ. ಉಬ್ಬಸಕ್ಕೆಂದು ಹೊರಟವರ ಕೈಗೆ ಸಿಕ್ಕಿದ್ದು ಉಬ್ಬಸದ ಮದ್ದನ್ನು ತಡೆಯುವ ವಸ್ತು. ಬೀಟಾ ಬ್ಲಾಕರ್ ಎಂಬ ಔಷಧಿ ಕುಲದ ಮೊದಲ ಸದಸ್ಯ ಹುಟ್ಟಿದ್ದು ಹೀಗೆ. ನಮ್ಮ ಗೆಳತಿಯ ತಾಯಿಗೆ ಆ ರಾತ್ರಿ ಆದದ್ದರ ಬೀಜ ಅರವತ್ತು ವರ್ಷಕ್ಕೂ ಹಿಂದಿನ ಆ ಪ್ರಯೋಗದಲ್ಲೇ ಇತ್ತು.

ಫೈಫ್ ಜಿಲ್ಲೆಯ ಇಬ್ಬರು

ಮುಂದಿನ ಕತೆ ಸ್ಕಾಟ್ಲೆಂಡಿನ ಇಬ್ಬರದು. ಇಬ್ಬರೂ ಹುಟ್ಟಿದ್ದು 1924ರಲ್ಲಿ. ಇಬ್ಬರೂ ಬೆಳೆದದ್ದು ಫೈಫ್ ಎಂಬ ಕಲ್ಲಿದ್ದಲು ಸೀಮೆಯಲ್ಲಿ. ಜೇಮ್ಸ್ ಬ್ಲ್ಯಾಕ್ ಅವರ ತಂದೆ ಗಣಿ ಎಂಜಿನಿಯರ್. ಡೇವಿಡ್ ಜ್ಯಾಕ್ ಅವರ ತಂದೆ ಗಣಿ ಕಾರ್ಮಿಕ. ಒಬ್ಬರು ಬೀಟಾ ಬೀಗವನ್ನು ಮುಚ್ಚುವ ಮದ್ದು ಕೊಟ್ಟರು, ಇನ್ನೊಬ್ಬರು ಅದನ್ನು ತೆರೆಯುವ ಮದ್ದು ಕೊಟ್ಟರು.

ಬ್ಲ್ಯಾಕ್ ವೈದ್ಯಕೀಯ ಓದಿ, ಸಾಲ ತೀರಿಸಲು ಸಿಂಗಪುರದಲ್ಲಿ ಮೇಷ್ಟ್ರಾಗಿ, ವಾಪಸಾಗಿ ಗ್ಲಾಸ್ಗೋದ ಪಶುವೈದ್ಯ ಕಾಲೇಜಿನಲ್ಲಿ ಪಾಠ ಮಾಡಿದವರು. ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿನ ಬಗ್ಗೆ ಅವರ ಯೋಚನೆ ಉಳಿದವರಿಗಿಂತ ಬೇರೆಯಾಗಿತ್ತು. ಎಲ್ಲರೂ ಹೃದಯಕ್ಕೆ ಹೆಚ್ಚು ರಕ್ತ ಹರಿಸುವುದು ಹೇಗೆ ಎಂದು ನೋಡುತ್ತಿದ್ದರು. ಹೃದಯದ ಕೆಲಸವನ್ನೇ ಕಡಿಮೆ ಮಾಡಿದರೆ ಇರುವ ರಕ್ತವೇ ಸಾಲುತ್ತದಲ್ಲ ಎಂದು ಬ್ಲ್ಯಾಕ್ ಕೇಳಿದರು. ನೀರು ಕಡಿಮೆಯಾದ ಕೆರೆಯ ಕೆಳಗೆ ಭತ್ತ ಬಿಟ್ಟು ರಾಗಿ ಹಾಕುವ ರೈತನ ಲೆಕ್ಕ ಅದು. ಆಲ್ಕ್ವಿಸ್ಟರ ಬೀಟಾ ಬೀಗದ ಮಾತು ಅವರಿಗೆ ಒಂದು ಪಠ್ಯಪುಸ್ತಕದಲ್ಲಿ ಸಿಕ್ಕಿತು. 1958ರಲ್ಲಿ ಐಸಿಐ ಕಂಪನಿ ಸೇರಿ ಕೆಲಸ ಶುರು ಮಾಡಿದರು. ಮೊದಲ ಔಷಧಿ ಪ್ರೊನೆಥಲಾಲ್ ಇಲಿಗಳಲ್ಲಿ ಗಡ್ಡೆ ಬರಿಸಿತು, ಕೈಬಿಟ್ಟರು. ಎರಡನೆಯದು ಪ್ರೊಪ್ರನಲಾಲ್. 1960ರ ದಶಕದ ನಡುವೆ ಇಂಡೆರಾಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಎದೆನೋವು ಮತ್ತು ಬಿಪಿಯ ಚಿಕಿತ್ಸೆಯನ್ನೇ ಬದಲಾಯಿಸಿತು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಅಪಾಯ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅಸ್ತಮಾ ಇರುವವರಿಗೆ ಪ್ರೊಪ್ರನಲಾಲ್ ಕೊಟ್ಟರೆ ಶ್ವಾಸನಾಳ ಬಿಗಿಯುತ್ತದೆ ಎಂಬ ವರದಿ 1964ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಅಂದರೆ ಔಷಧಿಯ ಜೊತೆಜೊತೆಗೇ ಅದರ ಎಚ್ಚರಿಕೆಯೂ ಹುಟ್ಟಿತು. ಈ ಪರಿಣಾಮ ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ಅರವತ್ತು ವರ್ಷದಿಂದ ಯಾರಿಗೂ ಇಲ್ಲ.

ಅತ್ತ ಇಂಗ್ಲೆಂಡಿನಲ್ಲಿ ಅದೇ ವರ್ಷಗಳಲ್ಲಿ ಇನ್ನೊಂದು ದುರಂತ ನಡೆಯುತ್ತಿತ್ತು. ಅಸ್ತಮಾದಿಂದ ಸಾಯುವವರ ಸಂಖ್ಯೆ 1960ರ ದಶಕದ ಮೊದಲ ಭಾಗದಲ್ಲಿ ಏಕಾಏಕಿ ಏರಿತು. ಸತ್ತವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು. ಐಸೊಪ್ರಿನಲಿನ್ ಪಂಪುಗಳ ಮೇಲೆ, ಅದರಲ್ಲೂ ಹೆಚ್ಚು ಗಾಢವಾದ ಪಂಪುಗಳ ಮೇಲೆ ಅನುಮಾನ ಬಂತು. ಹೃದಯದ ಮೇಲಿನ ಹೊಡೆತವೇ ಕಾರಣವೋ, ಪಂಪನ್ನೇ ನಂಬಿ ಆಸ್ಪತ್ರೆಗೆ ತಡವಾಗಿ ಬಂದದ್ದು ಕಾರಣವೋ ಎಂಬ ವಾದ ಬಹುಕಾಲ ನಡೆಯಿತು. ಎಚ್ಚರಿಕೆ ಹೊರಬಿದ್ದು, ಚೀಟಿಯಿಲ್ಲದೆ ಮಾರುವುದು ನಿಂತ ಮೇಲೆ ಸಾವು ಇಳಿಯಿತು.

ಉಸಿರಿಗೆ ಮಾತ್ರ ಕೆಲಸ ಮಾಡಿ ಹೃದಯವನ್ನು ಬಿಟ್ಟುಬಿಡುವ ಮದ್ದು ಬೇಕಿತ್ತು. 1967ರಲ್ಲಿ ಲ್ಯಾಂಡ್ಸ್ ಮತ್ತು ಜೊತೆಗಾರರು ಬೀಟಾ ಬೀಗದಲ್ಲೂ ಎರಡು ಬಗೆ ಇದೆ ಎಂದು ತೋರಿಸಿದರು. ಹೃದಯದಲ್ಲಿ ಹೆಚ್ಚಾಗಿ ಬೀಟಾ-1, ಶ್ವಾಸನಾಳದಲ್ಲಿ ಬೀಟಾ-2. ಇಂಗ್ಲೆಂಡಿನ ವೇರ್ ಎಂಬ ಊರಿನಲ್ಲಿ ಗ್ಲ್ಯಾಕ್ಸೊ ಗುಂಪಿನ ಪ್ರಯೋಗಾಲಯ ನಡೆಸುತ್ತಿದ್ದ ಡೇವಿಡ್ ಜ್ಯಾಕ್ ಅವರ ತಂಡ ಬೀಟಾ-2ಕ್ಕೆ ಹೆಚ್ಚು ಒಪ್ಪುವ ಕೀಲಿಯೊಂದನ್ನು ತಯಾರಿಸಿತು. ಅದೇ ಸಾಲ್ಬುಟಮಾಲ್. 1969ರಲ್ಲಿ ವೆಂಟೊಲಿನ್ ಎಂಬ ಹೆಸರಿನಲ್ಲಿ ಬಂತು. ಗೆಳತಿಯ ತಾಯಿಯ ತಲೆದಿಂಬಿನ ಪಕ್ಕ ಇರುವ ನೀಲಿ ಪಂಪಿನೊಳಗೆ ಇರುವುದು ಇದೇ.

ಅದೇ ಜಾಣತನವನ್ನು ಬೀಗ ಮುಚ್ಚುವವರೂ ಕಲಿತರು. ಬೀಟಾ-1 ಅನ್ನು ಮಾತ್ರ ಹೆಚ್ಚಾಗಿ ಮುಚ್ಚುವ ಮೊದಲ ಔಷಧಿ ಪ್ರಾಕ್ಟೊಲಾಲ್ 1970ರಲ್ಲಿ ಬಂತು. ಕೆಲವರಲ್ಲಿ ಕಣ್ಣು, ಚರ್ಮ, ಹೊಟ್ಟೆಯೊಳಗಿನ ಪೊರೆಗೆ ತೀವ್ರ ಹಾನಿ ಮಾಡಿದ್ದರಿಂದ ಹಿಂದಕ್ಕೆ ಪಡೆಯಬೇಕಾಯಿತು. ಆಮೇಲೆ ಅಟೆನಲಾಲ್, ಮೆಟೊಪ್ರೊಲಾಲ್ ಬಂದವು. ಇವು ಶ್ವಾಸನಾಳಕ್ಕೆ ಪ್ರೊಪ್ರನಲಾಲ್‌ನಷ್ಟು ತೊಂದರೆ ಕೊಡುವುದಿಲ್ಲ. ಆದರೆ ಪೂರ್ತಿ ನಿರಪಾಯ ಅಂತಲೂ ಅಲ್ಲ. ಪ್ರಮಾಣ ಹೆಚ್ಚಾದಂತೆ ಅವೂ ಬೀಟಾ-2ರ ಬೀಗಕ್ಕೆ ಕೈ ಹಾಕುತ್ತವೆ.

ಎದೆನೋವಿನ ಮಾತ್ರೆ ತಲೆಗೆ ಏರಿದ್ದು

ಹೃದಯದ ಮಾತ್ರೆ ಅರೆತಲೆನೋವಿಗೆ ಬಂದದ್ದು ಆಕಸ್ಮಿಕವಾಗಿ. 1966ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ಎದೆನೋವಿಗೆ ಪ್ರೊಪ್ರನಲಾಲ್ ಕೊಟ್ಟು ಪರಿಣಾಮ ನೋಡುತ್ತಿದ್ದರು. ಒಬ್ಬ ರೋಗಿಗೆ ಮೊದಲಿನಿಂದಲೂ ಮೈಗ್ರೇನ್ ಇತ್ತು. ಮಾತ್ರೆ ತೆಗೆದುಕೊಳ್ಳುವಾಗ ತಲೆನೋವು ಬರುವುದು ಕಡಿಮೆಯಾಯಿತು. ವೈದ್ಯರು ಅದನ್ನೂ ಬರೆದಿಟ್ಟರು. 1970ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಸರಿಯಾದ ಪರೀಕ್ಷೆಗಳು ನಡೆದು ಅದು ನಿಜ ಎಂದು ಖಾತ್ರಿಯಾಯಿತು. ಅಲ್ಲಿಂದ ಇಲ್ಲಿಯವರೆಗೆ ಮೈಗ್ರೇನ್ ತಡೆಯಲು ಜಗತ್ತಿನ ವೈದ್ಯರು ಮೊದಲಿಗೇ ನೆನೆಯುವ ಔಷಧಿಗಳಲ್ಲಿ ಪ್ರೊಪ್ರನಲಾಲ್ ಒಂದು. ಅಗ್ಗ, ಹಳೆಯದು, ಕೆಲಸ ಮಾಡುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎದೆನೋವಿಗೆ ಬಂದವರ ಎದೆಗೆ ಡಾಕ್ಟರು ಸ್ಟೆತಸ್ಕೋಪ್ ಇಟ್ಟೇ ಇಡುತ್ತಾರೆ, ಉಸಿರಿನ ಸದ್ದು ಕೇಳುತ್ತಾರೆ, ದಮ್ಮು ಇದೆಯೇ ಎಂದು ವಿಚಾರಿಸುತ್ತಾರೆ. ತಲೆನೋವಿಗೆ ಬಂದವರಿಗೆ ಆ ಪ್ರಶ್ನೆ ಸಹಜವಾಗಿ ಬರುವುದಿಲ್ಲ. ಔಷಧಿ ಎದೆಯಿಂದ ತಲೆಗೆ ಬಂದಾಗ, ಜೊತೆಗಿದ್ದ ಎಚ್ಚರಿಕೆ ಎಷ್ಟೋ ಕಡೆ ಎದೆಯ ವಿಭಾಗದಲ್ಲೇ ಉಳಿಯಿತು. ಇದೇ ಔಷಧಿಯನ್ನು ಕೈನಡುಕಕ್ಕೆ, ಥೈರಾಯ್ಡ್ ಹೆಚ್ಚಾದಾಗಿನ ಎದೆಬಡಿತಕ್ಕೆ, ಗಾಬರಿಗೆ ಕೂಡ ಕೊಡುತ್ತಾರೆ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಇದೇ ಕುಲದ್ದು. ಕಣ್ಣಿಗೆ ಬಿಟ್ಟ ಹನಿಯಿಂದ ಅಸ್ತಮಾ ಕೆರಳಿ ಸತ್ತ ಪ್ರಕರಣಗಳೂ ವೈದ್ಯಕೀಯ ದಾಖಲೆಯಲ್ಲಿವೆ.

ಈಗ ಗೆಳತಿಯ ಎರಡನೇ ಪ್ರಶ್ನೆಗೆ ಬರೋಣ. ಪಂಪು ಯಾಕೆ ಕೆಲಸ ಮಾಡಲಿಲ್ಲ? ಪ್ರೊಪ್ರನಲಾಲ್ ಬೀಟಾ-1, ಬೀಟಾ-2 ಎಂದು ಭೇದ ಮಾಡುವುದಿಲ್ಲ, ಎರಡನ್ನೂ ಮುಚ್ಚುತ್ತದೆ. ಅಸ್ತಮಾ ಇರುವವರ ಶ್ವಾಸನಾಳ ಮೊದಲೇ ಬಿಗಿಯಲು ಕಾಯುತ್ತಿರುತ್ತದೆ. ಸಡಿಲಿಸುವ ಬೀಗ ಮುಚ್ಚಿದ ಕೂಡಲೇ ಬಿಗಿಯುತ್ತದೆ. ಆಗ ಸಾಲ್ಬುಟಮಾಲ್ ಎಳೆದುಕೊಂಡರೆ, ಆ ಕೀಲಿ ಹೋಗಬೇಕಾದ ಕಿಂಡಿಯಲ್ಲೇ ಮೇಣ ಕೂತಿರುತ್ತದೆ. ಅಂದರೆ ಹೊಡೆತ ಎರಡು. ಒಂದು, ಉಬ್ಬಸ ಏಳುತ್ತದೆ. ಎರಡು, ಎದ್ದ ಉಬ್ಬಸವನ್ನು ಇಳಿಸುವ ಪಂಪು ಸೋಲುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಕೆಲವರಿಗೆ ಏನೂ ಆಗದೆ ಇರಬಹುದು, ಕೆಲವರಿಗೆ ಮೊದಲ ಮಾತ್ರೆಯೇ ಸಾಕಾಗಬಹುದು. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬಾರದು, ಆದ್ದರಿಂದಲೇ ಅಸ್ತಮಾ ಇರುವವರಿಗೆ ಪ್ರೊಪ್ರನಲಾಲ್ ಬೇಡ ಎಂಬ ನಿಯಮ.

ಆ ರಾತ್ರಿ ಡಾಕ್ಟರು ಮಾಸ್ಕಿನ ಮೂಲಕ ಹಬೆಯಲ್ಲಿ ಕೊಟ್ಟ ಔಷಧಿಗಳಲ್ಲಿ ಒಂದು ಇಪ್ರಟ್ರೋಪಿಯಂ. ಅದು ಬೀಟಾ ಬೀಗದ ಗೊಡವೆಗೇ ಹೋಗುವುದಿಲ್ಲ. ಶ್ವಾಸನಾಳವನ್ನು ಬಿಗಿ ಮಾಡುವ ಬೇರೊಂದು ನರದ ಸಂದೇಶವನ್ನು ತಡೆಯುತ್ತದೆ. 1970ರ ದಶಕದಲ್ಲಿ ಬಂದ ಈ ಔಷಧಿಯನ್ನು ಮಾಡಿದ್ದು ಅಟ್ರೋಪಿನ್ ಎಂಬ ವಸ್ತುವಿನ ರಚನೆಯನ್ನು ಬದಲಾಯಿಸಿ. ಅಟ್ರೋಪಿನ್ ಇರುವ ಗಿಡಗಳಲ್ಲಿ ನಮ್ಮ ಉಮ್ಮತ್ತಿಯೂ ಒಂದು. 1802ರಲ್ಲಿ ಮದ್ರಾಸಿನಿಂದ ಹಡಗು ಹತ್ತಿದ ಗಿಡದ ವಂಶದ ಮದ್ದು, ವಿಷ ಕಳಚಿಕೊಂಡು, ಅಳತೆಗೆ ಒಗ್ಗಿ, ತಾಲ್ಲೂಕು ಆಸ್ಪತ್ರೆಯ ಹಬೆ ಯಂತ್ರದಲ್ಲಿ ವಾಪಸು ಬಂದಿತ್ತು.

ಜೊತೆಯಾಗಿ ಬಾಳುವ ಮದ್ದೂ ಇದೆ

ಹಾಗಾದರೆ ಉಬ್ಬಸ ಇರುವವರು ಅರೆತಲೆನೋವನ್ನು ಸಹಿಸಿಕೊಂಡೇ ಇರಬೇಕೇ? ಬೇಕಿಲ್ಲ. ಡೇವಿಡ್ ಜ್ಯಾಕ್ ಗ್ಲ್ಯಾಕ್ಸೊದ ಸಂಶೋಧನೆಯ ಮುಖ್ಯಸ್ಥರಾಗಿದ್ದಾಗ ಅದೇ ವೇರ್ ಊರಿನಲ್ಲಿ ಪ್ಯಾಟ್ರಿಕ್ ಹಂಫ್ರಿ ಅವರ ತಂಡ 1970ರ ದಶಕದಿಂದ ಮೈಗ್ರೇನ್ ಮದ್ದಿನ ಕೆಲಸದಲ್ಲಿ ತೊಡಗಿತ್ತು. ಅವರು ಹಿಡಿದದ್ದು ಸೆರೊಟೋನಿನ್ ಎಂಬ ಬೇರೊಂದು ರಸದ ಬೀಗಗಳನ್ನು. ಹುಟ್ಟಿದ್ದು ಸುಮಟ್ರಿಪ್ಟಾನ್, 1991ರಲ್ಲಿ ಮಾರುಕಟ್ಟೆಗೆ ಬಂತು. ಇದು ದಿನಾ ನುಂಗಿ ತಡೆಯುವ ಮಾತ್ರೆಯಲ್ಲ, ನೋವು ಬಂದಾಗ ನಿಲ್ಲಿಸುವ ಮಾತ್ರೆ. ಬೀಟಾ ಬೀಗಕ್ಕೂ ಇದಕ್ಕೂ ಸಂಬಂಧವಿಲ್ಲದ್ದರಿಂದ ಪಂಪಿನ ಕೆಲಸವನ್ನು ಕೆಡಿಸುವುದಿಲ್ಲ. ಉಬ್ಬಸದ ಪಂಪು ಮತ್ತು ಅದರ ಜೊತೆ ಹೊಂದಿಕೊಳ್ಳುವ ತಲೆನೋವಿನ ಮಾತ್ರೆ ಒಂದೇ ಊರಿನಲ್ಲಿ ತಯಾರಾದವು.

ಆದರೆ ಹೃದಯದ ಕಾಯಿಲೆ ಇರುವವರಿಗೆ ಟ್ರಿಪ್ಟಾನ್ ಕೊಡುವುದಿಲ್ಲ. ಕೆಲವರಿಗೆ ಇದನ್ನು ನುಂಗಿದಾಗ ಎದೆ, ಗಂಟಲು ಹಿಡಿದ ಹಾಗೆ ಅನಿಸುತ್ತದೆ. ಅದು ಉಬ್ಬಸವೋ, ಮಾತ್ರೆಯ ಪರಿಣಾಮವೋ, ಹೃದಯದ್ದೋ ಎಂದು ಡಾಕ್ಟರೇ ನೋಡಿ ಹೇಳಬೇಕು. ತಡೆಯುವ ಮಾತ್ರೆಗಳಲ್ಲೂ ಅಮಿಟ್ರಿಪ್ಟಿಲಿನ್, ಟೋಪಿರಾಮೇಟ್, ಫ್ಲುನಾರಿಜಿನ್ ಎಂದು ಬೇರೆ ದಾರಿಗಳಿವೆ. ಪ್ರತಿಯೊಂದಕ್ಕೂ ಅದರದೇ ಎಚ್ಚರಿಕೆ ಇದೆ. ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರು ಪಂಪನ್ನು ಅತಿಯಾಗಿ ಬಳಸಿದರೆ ಹೃದಯದ ಬಡಿತದ ಮೇಲೆ ಎರಡರ ಭಾರವೂ ಬೀಳಬಹುದು. ಇನ್ನು ಪಂಪಿನಿಂದಲೇ ಕೆಲವರಿಗೆ ತಲೆನೋವು ಬರುವುದೂ ಉಂಟು.

ಇನ್ನೊಂದು ಹಳೆಯ ಅಪಾಯ ಗೂಡಂಗಡಿಯಲ್ಲಿದೆ. ತಲೆನೋವು ಅಂದರೆ ಡಿಸ್ಪ್ರಿನ್ ಕೊಡಿ ಅನ್ನುವುದು ನಮ್ಮೂರುಗಳ ರೂಢಿ. ಡಿಸ್ಪ್ರಿನ್ ಅಂದರೆ ಆಸ್ಪಿರಿನ್. ಅಸ್ತಮಾ ರೋಗಿಗಳಲ್ಲಿ ಕೆಲವರಿಗೆ ಆಸ್ಪಿರಿನ್ ಆಗುವುದಿಲ್ಲ, ನುಂಗಿದ ಒಂದೆರಡು ಗಂಟೆಯಲ್ಲಿ ಉಬ್ಬಸ ಏಳುತ್ತದೆ. ಫ್ರಾನ್ಸಿನ ಫರ್ನಾಂಡ್ ವಿಡಾಲ್ ಮತ್ತು ಸಂಗಡಿಗರು ಇದನ್ನು 1922ರಲ್ಲೇ ವಿವರವಾಗಿ ಬರೆದಿದ್ದರು. ಮೂಗಿನಲ್ಲಿ ದುರ್ಮಾಂಸ ಇರುವ ಅಸ್ತಮಾದವರಲ್ಲಿ ಇದು ಹೆಚ್ಚು. ಆಸ್ಪಿರಿನ್ ಆಗದವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಕೂಡ ಆಗದೆ ಇರಬಹುದು.

ನಮ್ಮ ಲೆಕ್ಕ

ಇದು ಎಲ್ಲೋ ಒಬ್ಬರಿಗೆ ಆಗುವ ಸಂಗತಿ ಎಂದು ಬಿಡುವ ಹಾಗಿಲ್ಲ. ಬೆಂಗಳೂರು ಮತ್ತು ಸುತ್ತಲಿನ ಗ್ರಾಮಗಳ 2,329 ವಯಸ್ಕರನ್ನು ಮನೆಮನೆಗೆ ಹೋಗಿ ಮಾತಾಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದಲ್ಲಿ ಮೈಗ್ರೇನ್ ಕಾಡಿದವರು ಶೇ. 25.2. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಉಬ್ಬಸದ ಮಟ್ಟಿಗೆ, ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿ ಕೊಟ್ಟ ಲೆಕ್ಕವಿದೆ. 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಆ ಮಕ್ಕಳು ಈಗ ಮೈಗ್ರೇನ್ ಹೆಚ್ಚಾಗಿ ಕಾಡುವ ವಯಸ್ಸಿನಲ್ಲಿದ್ದಾರೆ. ಅಸ್ತಮಾ ಇರುವವರಲ್ಲಿ ಮೈಗ್ರೇನ್ ಉಳಿದವರಿಗಿಂತ ಹೆಚ್ಚು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳೂ ಹೇಳುತ್ತವೆ. ಎರಡೂ ಕಾಯಿಲೆ ಒಂದೇ ಮೈಯಲ್ಲಿ ಇರುವ ಹೆಂಗಸರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ.

ಎರಡೂ ಔಷಧಿ ಅವರ ಕೈಗೆಟುಕುವ ಬೆಲೆಗೆ ಬಂದದ್ದು ಕೂಡ ಇತಿಹಾಸವೇ. 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂದಾಗ, ಔಷಧಿಯ ವಸ್ತುವಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಎಂದಾಯಿತು. ವಿದೇಶಿ ಕಂಪನಿಗಳ ಔಷಧಿಯನ್ನು ಭಾರತದ ಕಂಪನಿಗಳು ಬೇರೆ ವಿಧಾನದಲ್ಲಿ ತಯಾರಿಸಿ ಅಗ್ಗವಾಗಿ ಕೊಟ್ಟವು. ಸಾಲ್ಬುಟಮಾಲ್ ಅಸ್ತಲಿನ್ ಎಂಬ ಹೆಸರಿನಲ್ಲಿ, ಪ್ರೊಪ್ರನಲಾಲ್ ಸಿಪ್ಲಾರ್ ಎಂಬ ಹೆಸರಿನಲ್ಲಿ ಒಂದೇ ಭಾರತೀಯ ಕಂಪನಿಯಿಂದ ಬರುತ್ತವೆ. ಬಡವರಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಒಂದೇ ಔಷಧಿ ಹತ್ತಾರು ಹೆಸರಿನಲ್ಲಿ ಬರತೊಡಗಿದ್ದರಿಂದ ನುಂಗುವವರಿಗೆ ತಾವು ಏನು ನುಂಗುತ್ತಿದ್ದೇವೆ ಎಂಬುದು ಗೊತ್ತಾಗುವುದು ಕಷ್ಟವಾಯಿತು. ಫ್ಲುನಾರಿಜಿನ್ ಜೊತೆ ಪ್ರೊಪ್ರನಲಾಲ್ ಸೇರಿಸಿದ ಮಾತ್ರೆಗಳೂ ಮಾರಾಟದಲ್ಲಿವೆ. ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು, ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಪ್ರೊಪ್ರನಲಾಲ್. ಕನ್ನಡ ಮಾತ್ರ ಬಲ್ಲವರಿಗೆ ಆ ಎಚ್ಚರಿಕೆ ಇದ್ದೂ ಇಲ್ಲ.

ಜೊತೆಗೆ ನಮ್ಮಲ್ಲಿ ಉಬ್ಬಸವನ್ನು ಮುಚ್ಚಿಡುವ ಅಭ್ಯಾಸ ಇದೆ. ಪಂಪು ಹಿಡಿದರೆ ಜೀವಮಾನ ಬಿಡುವುದಿಲ್ಲ ಎಂಬ ಹೆದರಿಕೆ. ಮದುವೆಯಾಗದ ಹೆಣ್ಣುಮಕ್ಕಳ ಪಂಪು ಬೀರುವಿನೊಳಗೆ ಸೇರಿರುತ್ತದೆ. ಮೃಗಶಿರಾ ಮಳೆಯ ಹೊತ್ತಿಗೆ ಮೀನಿನ ಮದ್ದಿಗೆಂದು ಹೈದರಾಬಾದಿನ ರೈಲು ಹತ್ತುವವರಲ್ಲಿ ಕಲಬುರಗಿ, ಬೀದರ್, ರಾಯಚೂರು ಕಡೆಯವರೂ ಇರುತ್ತಾರೆ. ಮೀನು ನುಂಗಿ ವಾಸಿಯಾಯಿತು ಎಂದುಕೊಂಡವರು ಡಾಕ್ಟರು ಕೇಳಿದರೂ 'ನನಗೆ ದಮ್ಮು ಇಲ್ಲ' ಅನ್ನುತ್ತಾರೆ. ಚಿಕ್ಕಂದಿನಲ್ಲಿ ಇದ್ದು ಹೋದ ಉಬ್ಬಸವೂ ಈ ಲೆಕ್ಕದಲ್ಲಿ ಉಬ್ಬಸವೇ.

ಗೆಳತಿಯ ಮನೆಯಲ್ಲಿ ಆ ಮೇಲೆ ಮಾಡಿಕೊಂಡ ಏರ್ಪಾಡು ಸರಳ. ಅವರ ಎಲ್ಲ ಚೀಟಿ, ಎಲ್ಲ ಸ್ಟ್ರಿಪ್ಪು, ಪಂಪು, ಕಣ್ಣಿನ ಹನಿ, ಗೂಡಂಗಡಿಯ ಮಾತ್ರೆ ಎಲ್ಲವೂ ಈಗ ಒಂದೇ ಬಟ್ಟೆಚೀಲದಲ್ಲಿ. ಹಲ್ಲು ತೋರಿಸಲು ಹೋದರೂ ಆ ಚೀಲ ಜೊತೆಗೆ ಹೋಗುತ್ತದೆ. ಚೀಲದೊಳಗಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ 'ಅಸ್ತಮಾ ಇದೆ, ಬೀಟಾ ಬ್ಲಾಕರ್ ಬೇಡ' ಎಂದು ಬರೆದಿದ್ದಾಳೆ. ಮೆಡಿಕಲ್ ಶಾಪಿನವರಿಗೂ ಅದನ್ನೇ ತೋರಿಸುತ್ತಾರೆ.

ಇದನ್ನು ಓದಿ ಯಾರಾದರೂ ಮನೆಯಲ್ಲಿ ಸ್ಟ್ರಿಪ್ಪು ತಿರುಗಿಸಿ ನೋಡಿ, ಪ್ರೊಪ್ರನಲಾಲ್ ಇದೆ ಎಂದು ಗಾಬರಿಯಾದರೆ ಒಂದು ಮಾತು. ಉಬ್ಬಸ ಇಲ್ಲದವರಿಗೆ ಈ ಬರಹದ ಭಯ ಬೇಡ, ಅವರಿಗೆ ಅದು ಒಳ್ಳೆಯ ಮದ್ದು. ಉಬ್ಬಸ ಇದ್ದೂ ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು, ನಿಲ್ಲಿಸಿದರೆ ಹೃದಯಕ್ಕೆ ತೊಂದರೆಯಾಗಬಹುದು. ಅವತ್ತೇ ಡಾಕ್ಟರನ್ನು ಕಂಡು ಎರಡೂ ಕಾಯಿಲೆ ಹೇಳಿ, ಬದಲಿ ಕೇಳಿ. ಆದರೆ ಉಸಿರು ಕಟ್ಟುತ್ತಿದ್ದು ಪಂಪಿಗೆ ಬಗ್ಗದಿದ್ದರೆ ಮುಂದಿನ ಮಾತ್ರೆ ನುಂಗದೆ 108ಕ್ಕೆ ಕರೆ ಮಾಡಿ, ಮಾತ್ರೆಯ ಹೆಸರನ್ನು ಮೊದಲು ಹೇಳಿ.

ಗೆಳತಿಯ ತಾಯಿಗೆ ತಲೆನೋವಿಗೆ ಈಗ ಬೇರೆ ಮಾತ್ರೆ ನಡೆಯುತ್ತಿದೆ. ತಿಂಗಳಿಗೆ ಐದಾರು ಇದ್ದದ್ದು ಎರಡಕ್ಕೆ ಇಳಿದಿದೆ. ಹೋದ ವಾರ ಅವರೇ ಫೋನ್ ಮಾಡಿ, 'ನನ್ ವಿಷ್ಯ ಬರೀತಿದೀರಂತೆ, ಹೆಸ್ರು ಹಾಕ್ಬೇಡಿ ಕಣ್ರಪ್ಪಾ, ಆದ್ರೆ ಮಾತ್ರೆ ಹೆಸ್ರು ಮಾತ್ರ ದಪ್ಪಕ್ಷರದಲ್ಲಿ ಹಾಕಿ' ಅಂದರು. ಅವರ ಮಾತಿನಂತೆ ಮಾಡಿದ್ದೇವೆ.

ಪ್ರೊಪ್ರನಲಾಲ್.